ಅರ್ಧಕ್ಕೆ ನಿಂತ ಮುಳ್ಳು

ಆ ಆಪರೇಟರ್ ಸುಳ್ಳು ಹೇಳುತ್ತಿದ್ದಾರೆ ಎಂದು ಅವರ ಮುಖ ನೋಡುವ ಮೊದಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಯಾದಗಿರಿಯಲ್ಲಿ ಜೀಪು ಹತ್ತಿದಾಗ ನನ್ನ ಕೈಯಲ್ಲಿ ಒಂದು ತೆಳ್ಳನೆಯ ಫೈಲಿತ್ತು. ಶಹಾಪುರ ದಾಟಿ ಸುರಪುರದ ದಾರಿ ಹಿಡಿಯುವಷ್ಟರಲ್ಲಿ ಅದನ್ನು ಎರಡು ಸಲ ಓದಿದ್ದೆ. ಈ ಎರಡು ಊರುಗಳ ನಡುವಿನ ಒಂದು ಸಬ್‌ಸ್ಟೇಷನ್ನಿನಿಂದ ಮೂರನೇ ನಂಬರಿನ ಫೀಡರ್ ಹೊರಡುತ್ತದೆ. ಏಳೆಂಟು ಹಳ್ಳಿಗಳ ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಲೈನು ಅದು. ಬೆಳಗಿನ ಬ್ಯಾಚ್, ಅಂದರೆ ಹೊಲಗಳಿಗೆ ತ್ರೀಫೇಸ್ ಕೊಡುವ ಸರದಿ, ಶುರುವಾಗಿ ಸ್ವಲ್ಪ ಹೊತ್ತಿಗೆ ಅದು ಟ್ರಿಪ್ ಆಗಿ ತಾನಾಗಿಯೇ ಬಂದಾಗುತ್ತದೆ. ಮತ್ತೆ ಹಾಕಿದರೆ ಮತ್ತೆ ಹೋಗುತ್ತದೆ. ಹಳ್ಳಿಯವರು ಕೊಟ್ಟ ಅರ್ಜಿಯ ಕೊನೆಯ ಸಾಲಿನ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ನಾಲ್ವರು ಆಪರೇಟರುಗಳಲ್ಲಿ ಮೂವರ ಪಾಳಿಯಲ್ಲಿ ಲೈನು ಚೆನ್ನಾಗಿ ನಡೆಯುತ್ತದೆ, ಒಬ್ಬರ ಪಾಳಿಯಲ್ಲಿ ಮಾತ್ರ ಹೋಗುತ್ತದೆ ಎಂಬುದು ಆ ಸಾಲು.

ಕಾರಣವನ್ನೂ ಅವರೇ ಹುಡುಕಿಕೊಟ್ಟಿದ್ದರು. ಆ ಒಬ್ಬರ ಹೆಂಡತಿಯ ಅಣ್ಣತಮ್ಮಂದಿರ ಹೊಲಗಳು ಎರಡನೇ ನಂಬರಿನ ಫೀಡರಿನ ಮೇಲಿವೆ. ಮೂರನೆಯದು ಬಂದಾದರೆ ಎರಡನೆಯದರಲ್ಲಿ ವೋಲ್ಟೇಜು ಏರುತ್ತದೆ, ಅವರ ಪಂಪು ತುಂಬು ನೀರು ಎತ್ತುತ್ತದೆ. ಈ ಲೆಕ್ಕ ನನಗೆ ಹಿಡಿಸಿತು. ಇಷ್ಟು ಅಚ್ಚುಕಟ್ಟಾಗಿ ಕೂಡಿಕೊಂಡದ್ದು ಸುಳ್ಳಿರಲಿಕ್ಕಿಲ್ಲ ಎಂದುಕೊಂಡೆ.

ನನ್ನ ಕೆಲಸ ಸಬ್‌ಸ್ಟೇಷನ್ನುಗಳ ರಕ್ಷಣಾ ಉಪಕರಣಗಳನ್ನು ಪರೀಕ್ಷಿಸುವುದು. ಡಿಪ್ಲೊಮಾ ಓದಿ ಬಂದ ನಮ್ಮಂಥವರನ್ನು ಇಂಜಿನಿಯರರು ಟೆಕ್ನಿಷಿಯನ್ ಎನ್ನುತ್ತಾರೆ, ಲೈನ್‌ಮನ್ನುಗಳು ಇಂಜಿನಿಯರ್ ಎನ್ನುತ್ತಾರೆ, ನಾವು ನಡುವೆ ಎಲ್ಲೋ ಕಿಟ್ ಹೊತ್ತುಕೊಂಡು ತಿರುಗುತ್ತೇವೆ. ಸಂಶಯ ಪಡುವುದಕ್ಕೇ ನಮಗೆ ಸಂಬಳ. ಲೈನು ಸತ್ತಿದೆ, ಕರೆಂಟಿಲ್ಲ ಎಂದು ಯಾರೇ ಹೇಳಲಿ, ನಮ್ಮ ಕೈಯಾರೆ ಪರೀಕ್ಷಿಸಿಯೇ ಮುಟ್ಟಬೇಕು. ಈ ಗುಣ ಮನೆಗೂ ಬಂದುಬಿಟ್ಟಿದೆ. ಗ್ಯಾಸ್ ಬಂದ್ ಮಾಡಿದ್ದೇನೆ ಎಂದು ಗಂಡ ಹೇಳಿದರೂ ನಾನು ಎದ್ದು ಹೋಗಿ ನೋಡುತ್ತೇನೆ.

ದಾರಿಯಲ್ಲಿ ಸಾಹೇಬರ ಫೋನು ಬಂತು. ಆ ಭಾಗದ ಸಬ್‌ಸ್ಟೇಷನ್ನುಗಳೆಲ್ಲ ಅವರ ಕೈಕೆಳಗೆ. ನಮ್ಮ ಪರೀಕ್ಷಾ ವರದಿಗಳಿಗೆ ಮೇಲುಸಹಿ ಹಾಕುವವರೂ ಅವರೇ.

"ರಿಲೇ ಸರಿ ಅದ ಅಂತ ಬರದ ಕೊಡ್ರಿ ಮೇಡಂ, ಸಾಕು. ಮುಂದಿಂದು ನಾ ನೋಡ್ಕೋತೀನಿ" ಎಂದರು.

ಮುಂದಿನದು ಏನೆಂದು ನನಗೂ ಗೊತ್ತಿತ್ತು. ಆ ಆಪರೇಟರ್ ಏಜೆನ್ಸಿಯೊಂದರ ಮೂಲಕ ಬಂದ ಗುತ್ತಿಗೆಯ ಮನುಷ್ಯ. ಅವರನ್ನು ತೆಗೆದುಹಾಕುವ ಪತ್ರ ಟೈಪಾಗಿ ಸಾಹೇಬರ ಮೇಜಿನ ಮೇಲಿತ್ತು. ನನ್ನ ವರದಿ ಬಂದರೆ ಅದಕ್ಕೆ ಸಹಿ ಬೀಳುತ್ತಿತ್ತು.

ಸಬ್‌ಸ್ಟೇಷನ್ನಿನ ಗೇಟಿನಲ್ಲಿ ಹತ್ತು ಹದಿನೈದು ಜನ ರೈತರು ನಿಂತಿದ್ದರು. ಅವರಲ್ಲಿ ಮುಂದಾಳಿನಂತಿದ್ದ ಒಬ್ಬರು ಜೀಪಿನ ಬಾಗಿಲಿಗೇ ಬಂದು, ಮಷಿನ್ ಸುಳ್ಳು ಹೇಳುವುದಿಲ್ಲ, ಮನುಷ್ಯ ಹೇಳುತ್ತಾನೆ, ನೀವು ಮಷಿನ್ ನೋಡಿ ಹೇಳಿದರೆ ಸಾಕು ಎಂದರು. ನಾನು ತಲೆಯಾಡಿಸಿದೆ.

ಆಪರೇಟರಿಗೆ ಐವತ್ತು ದಾಟಿತ್ತು. ಲೈನ್‌ಮನ್ನುಗಳೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದರು. ನಾನು ಒಳಗೆ ಹೋದಾಗ ಫೋನಿನಲ್ಲಿ ಮನೆಯವರ ಜೊತೆ ದಖನಿ ಉರ್ದುವಿನಲ್ಲಿ ಮಾತಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ಎದ್ದು ನಿಂತರು. ಅದೂ ನನಗೆ ಅನುಮಾನವೇ. ಚಹಾ ತರಿಸುತ್ತೇನೆ ಎಂದರು, ಬೇಡವೆಂದೆ. ಯಾರ ಮೇಲೆ ವರದಿ ಬರೆಯಬೇಕೋ ಅವರ ಚಹಾ ಕುಡಿದರೆ ಪೆನ್ನು ಮೆತ್ತಗಾಗುತ್ತದೆ.

ಅಲ್ಲಿದ್ದದ್ದು ಹಳೆಯ ಕಾಲದ ರಿಲೇ. ಗಾಜಿನ ಮುಚ್ಚಳದೊಳಗೆ ಒಂದು ತಟ್ಟೆ. ಲೈನಿನಿಂದ ಕರೆಂಟು ಎಲ್ಲಾದರೂ ಭೂಮಿಗೆ ಸೋರಿದರೆ ಆ ತಟ್ಟೆ ತಿರುಗಿ, ಎರಡು ಸಣ್ಣ ಪಟ್ಟಿಗಳನ್ನು ಕೂಡಿಸಿ, ಲೈನನ್ನು ಕಡಿಯುವ ಬ್ರೇಕರನ್ನು ಬೀಳಿಸುತ್ತದೆ. ಜೊತೆಗೆ ಒಂದು ಕೆಂಪು ಚೀಟಿಯಂಥ ಫ್ಲ್ಯಾಗು ಕೆಳಗಿಳಿಯುತ್ತದೆ. ಆಪರೇಟರ್ ಅದನ್ನು ನೋಡಿ ಲಾಗ್ ಬುಕ್ಕಿನಲ್ಲಿ ಬರೆದು, ಗುಂಡಿ ಒತ್ತಿ ಮೇಲೆತ್ತಬೇಕು. ಹೊಸ ರಿಲೇಗಳಿಗೆ ನೆನಪಿದೆ, ಇದಕ್ಕಿಲ್ಲ. ಫ್ಲ್ಯಾಗು ಬಿದ್ದಿತ್ತೋ, ಕೈಯಿಂದಲೇ ಬ್ರೇಕರ್ ತೆಗೆದು ಹಾಗೆ ಬರೆದರೋ ಎಂಬುದಕ್ಕೆ ಅವರ ಮಾತೊಂದೇ ಸಾಕ್ಷಿ.

ಫೀಡರ್ ಬಂದ್ ಮಾಡಿಸಿ ಕಿಟ್ ಜೋಡಿಸಿದೆ. ಒಂದು ಆಂಪಿಯರ್ ಕೊಟ್ಟೆ, ತಟ್ಟೆ ಅಲುಗಿತು. ಎರಡರಷ್ಟು, ಐದರಷ್ಟು ಕೊಟ್ಟು ಸಮಯ ಹಿಡಿದೆ. ಪುಸ್ತಕದಲ್ಲಿದ್ದಂತೆಯೇ ಬಂತು. ಎಲ್ಲವನ್ನೂ ಮೂರು ಮೂರು ಸಲ ಮಾಡಿದೆ. ರಿಲೇ ಗಟ್ಟಿಮುಟ್ಟಾಗಿತ್ತು. ಲೈನನ್ನು ಆಗಲೇ ಲೈನ್‌ಮನ್ನುಗಳು ಕಂಬ ಕಂಬ ತಿರುಗಿ ನೋಡಿ, ದೋಷವಿಲ್ಲ ಎಂದು ಬರೆದುಕೊಟ್ಟಿದ್ದರು. ಲೈನೂ ಸರಿ, ರಿಲೇಯೂ ಸರಿ ಅಂದಮೇಲೆ ಉಳಿದದ್ದು ಆ ಮನುಷ್ಯ.

ಆಮೇಲೆ ಲಾಗ್ ಬುಕ್ ತೆರೆದೆ. ಗಂಟೆಗೊಮ್ಮೆ ಫೀಡರಿನ ಮೂರು ಫೇಸುಗಳ ಕರೆಂಟನ್ನು ಆ್ಯಮೀಟರಿನಲ್ಲಿ ನೋಡಿ ಬರೆಯಬೇಕು. ಮೀಟರು ಒಂದೇ, ಪಕ್ಕದ ಸ್ವಿಚ್ಚು ತಿರುಗಿಸಿದರೆ ಆರ್, ವೈ, ಬಿ ಎಂದು ಒಂದೊಂದೇ ಫೇಸ್ ತೋರಿಸುತ್ತದೆ. ಮಿಕ್ಕ ಮೂವರು ಆಪರೇಟರುಗಳ ಪುಟಗಳಲ್ಲಿ ಮೂರೂ ಅಂಕಿ ಸಮ. ನೂರು, ನೂರು, ನೂರು. ಇವರ ಪುಟಗಳಲ್ಲಿ ಮಾತ್ರ ಆರ್ ಫೇಸ್ ಎಲ್ಲ ಕಡೆ ಅರ್ಧ. ಮೂವತ್ತೈದು, ಎಪ್ಪತ್ತು, ಎಪ್ಪತ್ತೆರಡು. ಪುಟ ಹಿಂದೆ ತಿರುವಿದರೂ ಅದೇ. ತ್ರೀಫೇಸ್ ಪಂಪುಗಳು ಓಡುವ ಲೈನಿನಲ್ಲಿ ಒಂದು ಫೇಸು ಮಾತ್ರ ತಿಂಗಳುಗಟ್ಟಲೆ ಅರ್ಧ ಇರುವುದೆಂದರೇನು? ಮೂವರದ್ದು ಒಂದು ಲೆಕ್ಕ, ಇವರದ್ದೇ ಒಂದು ಲೆಕ್ಕ. ಕುಳಿತಲ್ಲೇ ಮನಸ್ಸಿಗೆ ಬಂದದ್ದು ಗೀಚಿದ್ದಾರೆ ಎಂದುಕೊಂಡೆ.

ಇದೇನೆಂದು ಕೇಳಿದ್ದಕ್ಕೆ, "ಮುಳ್ಳ ಏನ್ ತೋರಸ್ತದ, ಅದ ಬರದೀನ್ರಿ" ಎಂದಷ್ಟೇ ಹೇಳಿದರು.

ಆಗಲೇ ಎದ್ದು ಸ್ವಿಚ್ಚು ತಿರುಗಿಸಿ ನೋಡಬಹುದಿತ್ತು. ಪರೀಕ್ಷೆಗೆಂದು ಫೀಡರ್ ಬಂದ್ ಇತ್ತು, ಮುಳ್ಳು ಸೊನ್ನೆಯಲ್ಲಿತ್ತು. ಹಾಕಿಸಿ ನೋಡೋಣ ಎಂದು ಅನಿಸಲೂ ಇಲ್ಲ. ಸುಳ್ಳೆಂದು ಗೊತ್ತಿರುವುದನ್ನು ಯಾರು ತಾಳೆ ನೋಡುತ್ತಾರೆ?

ಕಿಟ್ಟಿನ ವೈರು ಕಟ್ಟಲು ದಾರ ಹುಡುಕುತ್ತ ಮೇಜಿನ ಡ್ರಾವರ್ ಎಳೆದೆ. ಒಳಗೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಚೂರುಗಳಿದ್ದವು. ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ನಡುವೆ ಅಮುಕಿದ ಗುರುತು. ನೋಡಿದ ಕೂಡಲೇ ತಿಳಿಯಿತು. ರಿಲೇಯ ಆ ಎರಡು ಪಟ್ಟಿಗಳ ನಡುವೆ ಇಂಥ ಕಾಗದ ತುರುಕಿದರೆ ತಟ್ಟೆ ಎಷ್ಟು ತಿರುಗಿದರೂ ಬ್ರೇಕರ್ ಬೀಳುವುದಿಲ್ಲ. ತಂತಿ ಹರಿದು ನೆಲಕ್ಕೆ ಬಿದ್ದರೂ ಕರೆಂಟು ಹರಿಯುತ್ತಲೇ ಇರುತ್ತದೆ. ಅಂದರೆ ಈ ಮನುಷ್ಯ ರಿಲೇಯನ್ನೂ ಮುಟ್ಟುತ್ತಾನೆ! ಒಂದು ಚೂರನ್ನು ಯಾರಿಗೂ ಕಾಣದಂತೆ ಬ್ಯಾಗಿಗೆ ಹಾಕಿಕೊಂಡೆ. ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾರೆ.

ವಾಪಸು ಹೋಗುವಾಗ ಆ ಫೀಡರಿನ ಲೈನ್‌ಮನ್ ಶಹಾಪುರದವರೆಗೆ ಜೀಪಿನಲ್ಲಿ ಬಂದರು. ಮಾತಿಗೆ ಮಾತು ಬಂದು, ಹಿಂದಿನ ವಾರ ಕಾಲುವೆ ಕಡೆಯ ಒಂದು ಹೊಲದಲ್ಲಿ ತಂತಿ ಹರಿದು ಒಡ್ಡಿನ ಮೇಲೆ ಬಿದ್ದದ್ದನ್ನು ಹೇಳಿದರು. ಆಗಷ್ಟೇ ನೀರು ಬಿಟ್ಟಿದ್ದ ಒಡ್ಡು, ತಂತಿ ಚಟಚಟ ಕಿಡಿ ಕಾರುತ್ತಿತ್ತಂತೆ. ಇವರು ದೂರ ನಿಂತು ಸ್ಟೇಷನ್ನಿಗೆ ಫೋನು ಮಾಡಿ ಬಂದ್ ಮಾಡಿಸಬೇಕಾಯಿತಂತೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಊಟಕ್ಕೆ ಎದ್ದು ಹೋಗಿದ್ದರಿಂದ ಬಚಾವು.

ನಾನು ಹೂಂಗುಟ್ಟುತ್ತಿದ್ದವಳು ಥಟ್ಟನೆ ನಿಲ್ಲಿಸಿದೆ. ಒಣ ಎರೆನೆಲದ ಮೇಲೆ ಬಿದ್ದಿದ್ದರೆ ರಿಲೇಗೆ ಗೊತ್ತಾಗದೆ ಇರಬಹುದು. ಒದ್ದೆ ಒಡ್ಡಿನ ಮೇಲೆ ಬಿದ್ದರೆ ಟ್ರಿಪ್ ಆಗಲೇಬೇಕು. ಈಗಷ್ಟೇ ನಾನೇ ಪರೀಕ್ಷಿಸಿ ಬಂದ ರಿಲೇ ಅದು. ಅವತ್ತು ಪಾಳಿಯಲ್ಲಿ ಯಾರಿದ್ದರು ಎಂದು ಕೇಳಿದೆ. ಚಾಚಾ ಇರಲಿಲ್ಲ, ಇನ್ನೊಬ್ಬರಿದ್ದರು.

ಬಿದ್ದ ತಂತಿಗೆ ರಿಲೇ ಸುಮ್ಮನಿತ್ತು. ಬೀಳದ ತಂತಿಗೆ ಟ್ರಿಪ್ ಆಗುತ್ತಿದೆ. ಯಾದಗಿರಿ ಮುಟ್ಟುವವರೆಗೂ ಇದೇ ತಲೆ ತಿಂದಿತು. ಚಾಚಾನ ಮೇಲಿನ ಸಂಶಯ ಕಡಿಮೆಯಾಯಿತು ಎಂದೇನಲ್ಲ. ಉಳಿದ ಮೂವರ ಮೇಲೂ ಹುಟ್ಟಿಕೊಂಡಿತು, ಅಷ್ಟೆ. ಸಾಹೇಬರಿಗೆ ವರದಿ ಎರಡು ದಿನ ತಡ ಎಂದು ಹೇಳಿದೆ. ಅವರಿಗೆ ಅದು ರುಚಿಸಲಿಲ್ಲ.

ಅಲ್ಲಿ ಎರಡೆರಡು ದಿನಕ್ಕೆ ಪಾಳಿ ಬದಲಾಗುತ್ತದೆ. ಮೂರನೆಯ ದಿನ, ಬೇರೊಬ್ಬರು ಇರುವ ಹೊತ್ತು ನೋಡಿ, ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋದೆ. ಬೆಳಗಿನ ಬ್ಯಾಚ್ ಶುರುವಾಗಿ ಅರ್ಧ ಗಂಟೆಯಾಗಿತ್ತು. ಆ ಆಪರೇಟರ್ ನನ್ನನ್ನು ನೋಡಿದವರೇ ಪ್ಯಾನೆಲ್ ಕಡೆ ಒಂದು ಹೆಜ್ಜೆ ಇಟ್ಟರು. ನಾನು ಎರಡು ಹೆಜ್ಜೆ ಇಟ್ಟೆ. ಗಾಜಿನ ಮುಚ್ಚಳದ ಸ್ಕ್ರೂ ಬಿಚ್ಚಿ ನೋಡಿದರೆ, ಪಟ್ಟಿಗಳ ನಡುವೆ ಕ್ಯಾಲೆಂಡರಿನ ಹಾಳೆ, ನಾಲ್ಕು ಮಡಿಕೆ. ಹಿಂದಿನ ದಿನದ ತಾರೀಕು.

ಅವರು ಮುಚ್ಚಿಡಲು ಹೋಗಲಿಲ್ಲ.

"ಎಲ್ಲಾರೂ ಹಿಂಗ ಮಾಡ್ತಾರ್ರಿ ಮೇಡಂ. ಲೈನ್ ಹೋಯ್ತಂದ್ರ ಮಂದಿ ಬಂದು ಮನಿ ಮುಂದ ಕೂಡ್ತಾರ. ನಾವು ಇದ ಊರಾಗ ಇರಬೇಕಲ್ರಿ."

ಕಾಗದದ ಕೆಳಗೆ ತಟ್ಟೆ ತುದಿಯವರೆಗೂ ತಿರುಗಿ ನಿಂತಿತ್ತು. ಅಂದರೆ ರಿಲೇ ಈಗಲೂ ಭೂಮಿಗೆ ಕರೆಂಟು ಸೋರುತ್ತಿದೆ ಎನ್ನುತ್ತಿದೆ. ಕಾಗದ ಇಲ್ಲದಿದ್ದರೆ ಈ ಪಾಳಿಯಲ್ಲೂ ಲೈನು ಹೋಗುತ್ತಿತ್ತು. ಚಾಚಾ ಕೈಯಿಂದ ಬ್ರೇಕರ್ ತೆಗೆದಿರಲಿಲ್ಲ. ಆ ಮಾತು ಅಲ್ಲಿಗೆ ಮುಗಿಯಿತು.

ಹಾಗಾದರೆ ರಿಲೇಗೆ ಸುಳ್ಳು ಹೇಳುತ್ತಿರುವವರು ಯಾರು? ಆಗ ಸ್ವಿಚ್ಚು ತಿರುಗಿಸಿದೆ. ಬಿ ಫೇಸ್ ನೂರಾ ಇಪ್ಪತ್ತು. ವೈ ನೂರಾ ಹದಿನೆಂಟು. ಆರ್‌ಗೆ ತಿರುಗಿಸಿದಾಗ ಮುಳ್ಳು ಅರವತ್ತರ ಹತ್ತಿರ ಬಂದು ನಿಂತಿತು. ಮೀಟರಿನ ಗಾಜು ತಟ್ಟಿದೆ, ಅಲ್ಲೇ ನಿಂತಿತ್ತು. ಮೇಜಿನ ಮೇಲಿನ ಲಾಗ್ ಬುಕ್ಕಿನಲ್ಲಿ ಆ ಗಂಟೆಯ ಅಂಕಿ ಆಗಲೇ ಬರೆದಿತ್ತು: ನೂರಾ ಇಪ್ಪತ್ತು, ನೂರಾ ಇಪ್ಪತ್ತು, ನೂರಾ ಇಪ್ಪತ್ತು. ಒಂದು ಫೇಸ್ ನೋಡಿ ಮೂರು ಕಡೆ ತುಂಬುವುದು ನಮ್ಮ ಸ್ಟೇಷನ್ನುಗಳಲ್ಲಿ ಹೊಸದಲ್ಲ. ಗಂಟೆಗೊಮ್ಮೆ ಎದ್ದು ಹೋಗಿ ಮೂರು ಸಲ ಸ್ವಿಚ್ಚು ತಿರುಗಿಸುತ್ತಿದ್ದವರು ನಾಲ್ವರಲ್ಲಿ ಒಬ್ಬರೇ.

ಪ್ಯಾನೆಲ್ಲಿನ ಹಿಂದೆ ಹೋಗಿ ವೈರುಗಳಿಗೆ ನನ್ನ ಮೀಟರ್ ಹಾಕಿದೆ. ಎರಡು ಫೇಸಿನಲ್ಲಿ ಮೂರು ಆಂಪಿಯರ್, ಆರ್‌ನಲ್ಲಿ ಒಂದೂವರೆ. ದೋಷ ಹೊರಗಿನ ಅಂಗಳದ ಸಿ.ಟಿ.ಯಲ್ಲಿತ್ತು. ಸಿ.ಟಿ. ಎಂದರೆ ಲೈನಿನ ದೊಡ್ಡ ಕರೆಂಟನ್ನು ಒಂದು ಲೆಕ್ಕದಲ್ಲಿ ಇಳಿಸಿ ಮೀಟರಿಗೂ ರಿಲೇಗೂ ಕೊಡುವ ಪೆಟ್ಟಿಗೆ, ಫೇಸಿಗೊಂದು. ಹಳೆಯ ಸ್ಟೇಷನ್ ಆದ್ದರಿಂದ ಮೀಟರು, ರಿಲೇ ಎರಡಕ್ಕೂ ಒಂದೇ ಜೋಡಿ ವೈರು. ಎರಡು ಪೆಟ್ಟಿಗೆ ಇನ್ನೂರಕ್ಕೆ ಐದರ ಲೆಕ್ಕ ಕೊಟ್ಟು, ಮೂರನೆಯದು ನಾನೂರಕ್ಕೆ ಐದರ ಲೆಕ್ಕ ಕೊಟ್ಟರೆ, ಮೂರೂ ಕೂಡಿದಾಗ ಒಂದು ಫೇಸಿನ ಅರ್ಧದಷ್ಟು ಕಾಣೆಯಾಗುತ್ತದೆ. ಕಾಣೆಯಾದದ್ದು ಭೂಮಿಗೆ ಹೋಯಿತು ಎಂದೇ ರಿಲೇ ತಿಳಿಯುತ್ತದೆ. ಕರೆಂಟು ಕಡಿಮೆ ಇದ್ದಾಗ ಆ ವ್ಯತ್ಯಾಸ ಸಣ್ಣದು. ಪಂಪುಗಳೆಲ್ಲ ಓಡಿದಾಗ ಮಾತ್ರ ಟ್ರಿಪ್ ಆಗುವಷ್ಟಾಗುತ್ತದೆ.

ಆರ್ ಫೇಸಿನ ಸಿ.ಟಿ. ಮಳೆಗಾಲದಲ್ಲಿ ಸಿಡಿದು, ಹೊಸದು ಹಾಕಲಾಗಿತ್ತು. ಹಾಕಿದವಳು ನಾನು.

ಆ ದಿನ ಚೆನ್ನಾಗಿ ನೆನಪಿದೆ. ಯಾದಗಿರಿಯ ಸ್ಟೋರಿನಿಂದ ಬಂದ ಸಿ.ಟಿ.ಗೆ ಎರಡು ಲೆಕ್ಕಗಳಿದ್ದವು, ನಾನೂರು ಮತ್ತು ಇನ್ನೂರು. ಹಳೆಯದರ ಡಬ್ಬಿಯಲ್ಲಿ ಎರಡು ತಿರುಪು, ಇದರಲ್ಲಿ ಮೂರು. ಹಳೆಯದರ ವೈರುಗಳು ಮೊದಲ ಮತ್ತು ಕೊನೆಯ ತಿರುಪಿನಲ್ಲಿದ್ದವು, ನಾನು ಹೊಸದರಲ್ಲೂ ಮೊದಲ ಮತ್ತು ಕೊನೆಯದಕ್ಕೇ ಬಿಗಿದೆ. ನಡುವಿನದಕ್ಕೆ ಬಿಗಿಯಬೇಕಿತ್ತು. ಇದು ಕೈತಪ್ಪು, ಯಾರಿಂದಲಾದರೂ ಆಗುತ್ತದೆ. ಇಂಥ ತಪ್ಪು ಹಿಡಿಯುವುದಕ್ಕೆಂದೇ ಅನುಪಾತ ಪರೀಕ್ಷೆ ಎಂಬುದೊಂದಿದೆ. ಅದಕ್ಕೆ ಬೇಕಾದ ಭಾರದ ಕಿಟ್ ಅವತ್ತು ಬೇರೆ ಕಡೆ ಹೋಗಿತ್ತು. ಕುಡಿಯುವ ನೀರಿನ ಪಂಪೂ ಅದೇ ಫೀಡರಿನ ಮೇಲಿದ್ದದ್ದರಿಂದ ಹತ್ತು ನಿಮಿಷಕ್ಕೊಂದು ಫೋನು. ಚಾಲೂ ಮಾಡಿಸಿದೆ. ವರದಿಯಲ್ಲಿ 'ಅನುಪಾತ ಪರೀಕ್ಷಿಸಲಾಗಿದೆ, ಸರಿಯಿದೆ' ಎಂದು ಬರೆದೆ. ಅದು ಕೈತಪ್ಪಲ್ಲ, ಸುಳ್ಳು. ಲೋಕದ ಮೇಲೆಲ್ಲ ಸಂಶಯಪಡುವ ನಾನು ಅವತ್ತು ನನ್ನ ಕೈಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

ನಾಚಿಕೆಯಾಯಿತು ಎಂದು ಮೊದಲೇ ಹೇಳಿದರೆ ಅದೂ ಸುಳ್ಳಾಗುತ್ತದೆ. ಮೊದಲು ಅನಿಸಿದ್ದು ಹೆದರಿಕೆ. ಇದು ಇನ್ಯಾರಿಗೆ ಗೊತ್ತು ಎಂದು ಸುತ್ತ ನೋಡಿದೆ. ಯಾರಿಗೂ ಗೊತ್ತಿರಲಿಲ್ಲ. ಲೈನು ಬಂದ್ ಮಾಡಿಸಿ ಒಂದು ವೈರು ಬದಲಿಸಿದರೆ ಐದು ನಿಮಿಷದ ಕೆಲಸ. ನಾಳೆಯಿಂದ ಯಾರ ಪಾಳಿಯಲ್ಲೂ ಟ್ರಿಪ್ ಆಗುವುದಿಲ್ಲ. ಚಾಚಾನನ್ನು ತೆಗೆದ ಮೇಲೆ ಸರಿಹೋಯಿತು ನೋಡಿ ಎಂದು ಊರವರೇ ಹೇಳುತ್ತಾರೆ. ಈ ಕೊನೆಯ ಮಾತು ಮನಸ್ಸಿಗೆ ಬಂದಾಗ ನಾಚಿಕೆಯೂ ಬಂತು. ಅವತ್ತು ಏನನ್ನೂ ಮುಟ್ಟಲಿಲ್ಲ. ಕಾಗದ ತೆಗೆದೆ, ಕೂಡಲೇ ಲೈನು ಟ್ರಿಪ್ ಆಯಿತು. ಸಿ.ಟಿ. ಸರಿಯಾಗುವವರೆಗೆ ಪಂಪುಗಳನ್ನು ಎರಡು ಪಾಲು ಮಾಡಿ, ಎಂಬತ್ತು ಆಂಪಿಯರ್ ದಾಟದಂತೆ ನಡೆಸಲು ಆಪರೇಟರಿಗೆ ಲಾಗ್ ಬುಕ್ಕಿನಲ್ಲೇ ಬರೆದುಕೊಟ್ಟು ಬಂದೆ.

ಚಾಚಾನ ಬೆಳಗಿನ ಪಾಳಿಯ ದಿನಕ್ಕೆ ಕಾದು ಮತ್ತೆ ಹೋದೆ. ಬ್ಯಾಗಿನಿಂದ ಆ ಮಡಿಸಿದ ಚೂರನ್ನು ತೆಗೆದು ಮೇಜಿನ ಮೇಲಿಟ್ಟೆ.

"ನೀವ್ ಅವತ್ತ ಇದನ್ನ ಬ್ಯಾಗಿನ್ಯಾಗ ಹಾಕ್ಕೊಂಡದ್ದು ನಾ ನೋಡೀನ್ರಿ" ಎಂದರು. "ಡ್ಯೂಟಿಗಿ ಬಂದ ಕೂಡ್ಲೆ ತಗದು ಡ್ರಾವರದಾಗ ಹಾಕ್ತೀನಿ. ತಂತಿ ಬಿದ್ದು ಯಾರಾದ್ರೂ ಸತ್ರ ನನ್ನ ಪಾಳಿದಾಗ ಬ್ಯಾಡಂತ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಲಾಗ್ ಬುಕ್ಕನ್ನು ನನ್ನ ಕಡೆ ಸರಿಸಿದರು.

"ಯಾರಿಗಿ ಹೇಳ್ಲಿರಿ? ಅವರು ಮೂವರೂ ಇಲ್ಲಿ ಊರವರು, ನಾ ಹೊರಗಿಂದ ಬಂದಾಂವ. ಮುಳ್ಳ ಅರ್ಧಕ್ಕ ನಿಂತದ ಅಂತ ದಿನಾ ಬರದೀನಿ. ಸಾಹೇಬ್ರು ತಿಂಗಳಾ ಸಹಿ ಮಾಡ್ಯಾರ. ನೀವೂ ಓದೀರಿ."

ಓದಿದ್ದೆ, ಹೌದು. ಓದಿ, ಕಳ್ಳ ಎಂದುಕೊಂಡಿದ್ದೆ. ಅದನ್ನು ಅವರಿಗೆ ಹೇಳಿದೆ. ಸಿ.ಟಿ. ತಪ್ಪಾಗಿ ಜೋಡಿಸಿದ್ದು ನಾನೇ, ಪರೀಕ್ಷೆ ಮಾಡದೆ ಮಾಡಿದ್ದೇನೆ ಎಂದು ಬರೆದದ್ದೂ ನಾನೇ ಎಂದೂ ಹೇಳಿದೆ. ಪರವಾಗಿಲ್ಲ ಬಿಡಿ ಎಂಬ ಮಾತು ಬರಬಹುದೆಂದು ಒಳಗೊಳಗೇ ಕಾದೆ. ಬರಲಿಲ್ಲ. ಅವರು ಎದ್ದು, ಲೈನು ತೆಗೆಯಲು ಶಹಾಪುರಕ್ಕೆ ಫೋನು ಮಾಡಿ ಅನುಮತಿ ಕೇಳಿದರು.

ಬ್ರೇಕರ್ ತೆಗೆದು, ಎರಡೂ ಕಡೆ ಲೈನನ್ನು ಭೂಮಿಗೆ ಕಟ್ಟಿ, ನಾನು ಏಣಿ ಹತ್ತಿದೆ. ಚಾಚಾ ಕೆಳಗೆ ಏಣಿ ಹಿಡಿದು ನಿಂತಿದ್ದರು. ಡಬ್ಬಿ ತೆರೆದ ಮೇಲೆ ಇಳಿದು, ಅವರನ್ನೂ ಹತ್ತಿಸಿ ಮೂರು ತಿರುಪು ತೋರಿಸಿದೆ. ವೈರನ್ನು ನಡುವಿನ ತಿರುಪಿಗೆ ಬದಲಿಸಿದೆ. ಈ ಸಲ ಕಿಟ್ ತಂದಿದ್ದೆ, ಅನುಪಾತ ಪರೀಕ್ಷೆ ಮಾಡಿ ಒಂದೊಂದು ಅಂಕಿಯನ್ನೂ ಜೋರಾಗಿ ಓದಿದೆ. ಲೈನು ಹಾಕಿದರು. ಪಂಪುಗಳು ಒಂದೊಂದೇ ಹತ್ತಿಕೊಂಡು ಕರೆಂಟು ನೂರು ದಾಟಿತು, ನೂರಾ ಇಪ್ಪತ್ತಾಯಿತು. ಮೂರೂ ಫೇಸು ಸಮ. ತಟ್ಟೆ ಅಲುಗಲಿಲ್ಲ.

ಸಾಹೇಬರಿಗೆ ಫೋನಿನಲ್ಲೇ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಸಿ.ಟಿ. ಜೋಡಣೆ ಸರಿಪಡಿಸಲಾಗಿದೆ ಎಂದು ಒಂದು ಸಾಲು ಬರೆಯಿರಿ, ಹಳೆಯದನ್ನೆಲ್ಲ ಯಾಕೆ ಕೆದಕುತ್ತೀರಿ ಎಂದರು. ನನ್ನ ಮಳೆಗಾಲದ ವರದಿಗೆ ಮೇಲುಸಹಿ ಹಾಕಿದ್ದು ಅವರು ಎಂಬುದು ಇಬ್ಬರಿಗೂ ಗೊತ್ತಿತ್ತು. ಆಪರೇಟರಿನ ವಿಷಯವೇನು ಎಂದು ಕೇಳಿದೆ. ನೋಡೋಣ ಎಂದರು.

ಆ ನೋಡೋಣ ಎಂಬುದನ್ನು ಕೇಳಿದ ಮೇಲೆ ಒಂದು ಸಾಲು ಬರೆಯಲು ಕೈ ಬರಲಿಲ್ಲ. ಶಹಾಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಎರಡು ಪುಟದ ವರದಿ ಟೈಪು ಮಾಡಿಸಿದೆ. ಮೊದಲ ಪುಟದಲ್ಲಿ ನನ್ನ ತಪ್ಪು, ನನ್ನ ಸುಳ್ಳು ವರದಿ, ರಿಲೇಯಲ್ಲಿ ಸಿಕ್ಕ ಕಾಗದ, ಚಾಚಾನ ಲಾಗ್ ಬುಕ್ಕು ಮೊದಲಿನಿಂದಲೂ ನಿಜ ಹೇಳುತ್ತಿತ್ತು ಎಂಬ ಮಾತು. ಎರಡನೆಯದರಲ್ಲಿ ಪರೀಕ್ಷೆಯ ಅಂಕಿಗಳು, ಕೆಳಗೆ ನನ್ನ ಸಹಿ. ಎರಡು ಗಂಟೆಗೆ ಪಾಳಿ ಮುಗಿಸಿದ ಚಾಚಾ ಅಂಗಡಿಗೇ ಬಂದರು. ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಎರಡೂ ಪುಟ ಓದಿದರು.

"ನನಗೊಂದು ಝರಾಕ್ಸ್ ಕೊಡ್ರಿ" ಎಂದರು. ಕೊಟ್ಟೆ. "ಇದರ ಮ್ಯಾಲ ಸಹಿ ಹಾಕ್ರಿ. ಎರಡೂ ಪುಟಕ್ಕ."

ಫೋನಿನಲ್ಲಿ ಫೋಟೊ ತೆಗೆದುಕೊಳ್ಳಬಹುದಲ್ಲ ಎಂದೆ. ಫೋಟೊ ನಡೆಯುತ್ತದೋ ಇಲ್ಲವೋ, ಶಾಯಿಯ ಸಹಿಯೇ ಇರಲಿ ಎಂದರು. ನನ್ನ ಮೇಲೆ ಇಷ್ಟೂ ಭರವಸೆ ಇಲ್ಲವೇ ಎಂದು ಸ್ವಲ್ಪ ಬೇಸರದಲ್ಲೇ ಕೇಳಿದೆ. ತಪ್ಪೊಪ್ಪಿಕೊಂಡವಳಿಗೆ ಒಂದಿಷ್ಟು ಮರ್ಯಾದೆ ಸಿಗಬೇಕು ಎಂಬ ಆಸೆ ನನಗೆ ಇನ್ನೂ ಇತ್ತು.

"ಇಲ್ಲರಿ" ಎಂದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಎರಡೂ ಪುಟಕ್ಕೆ ಸಹಿ ಹಾಕಿ ಕೊಟ್ಟೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೋದರು. ಮೂಲ ವರದಿಯನ್ನು ನಾನು ಸಾಹೇಬರ ಕಚೇರಿಗೆ ಕೊಟ್ಟೆ.

ಒಂದೂವರೆ ತಿಂಗಳ ಮೇಲೆ ಯಾದಗಿರಿಯಲ್ಲಿ ವಿಚಾರಣೆ ಇಟ್ಟರು. ರೈತರ ಅರ್ಜಿ ಮೇಲಿನವರೆಗೂ ಹೋಗಿತ್ತು. ಹೊರಗಿನಿಂದ ಬಂದ ಹಿರಿಯ ಅಧಿಕಾರಿಯೊಬ್ಬರು ಮೇಜಿನ ಆಚೆ, ಪಕ್ಕದಲ್ಲಿ ಸಾಹೇಬರು. ಈಚೆಗೆ ನಾನು, ಬಾಗಿಲ ಬಳಿಯ ಬೆಂಚಿನಲ್ಲಿ ಚಾಚಾ. ಅಧಿಕಾರಿ ಫೈಲು ನನ್ನ ಕಡೆ ತಿರುಗಿಸಿ, ಇದು ನಿಮ್ಮ ವರದಿಯೇ ಎಂದು ಕೇಳಿದರು.

ಎರಡನೇ ಪುಟ ನನ್ನದೇ, ಸಹಿಯೂ ನನ್ನದೇ. ಮೊದಲ ಪುಟ ನನ್ನದಲ್ಲ. ಅದೇ ಅಕ್ಷರ, ಅದೇ ಅಂತರ, ಮಾತು ಬೇರೆ. ಆರ್ ಫೇಸಿನ ಸಿ.ಟಿ.ಯ ಜೋಡಣೆ ಕಾಲಾಂತರದಲ್ಲಿ ಸಡಿಲವಾಗಿತ್ತು, ಸರಿಪಡಿಸಲಾಗಿದೆ. ಸದರಿ ಆಪರೇಟರ್ ಅಸಹಜ ಅಂಕಿಗಳನ್ನು ತಿಂಗಳುಗಟ್ಟಲೆ ದಾಖಲಿಸುತ್ತಿದ್ದರೂ ಮೇಲಧಿಕಾರಿಗಳ ಗಮನಕ್ಕೆ ತಂದಿಲ್ಲ, ಇದು ಕರ್ತವ್ಯಲೋಪ. ಅವರು ನಿಜ ಬರೆದದ್ದನ್ನೇ ಅವರ ಕೊರಳಿಗೆ ಕಟ್ಟಿದ್ದರು. ರಿಲೇಯ ಕಾಗದದ ಸುದ್ದಿಯಿಲ್ಲ, ನನ್ನ ಸುಳ್ಳಿನ ಸುದ್ದಿಯೂ ಇಲ್ಲ.

ನಾನು ತಲೆ ಎತ್ತಲಿಲ್ಲ, ಇನ್ನೊಂದು ಸಲ ಓದಿದೆ. ಓದುತ್ತಿರಲಿಲ್ಲ, ಹಾಗೆ ನಟಿಸುತ್ತಿದ್ದೆ. ಹೌದು ಎಂದು ಒಂದು ಮಾತು ಹೇಳಿದರೆ ನನ್ನ ನೌಕರಿಯ ಮೇಲೆ ಒಂದು ಕಲೆಯೂ ಬೀಳುವುದಿಲ್ಲ. ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. ಪುಟ ತಿರುವಿ ಮತ್ತೆ ಮೊದಲನೆಯದಕ್ಕೇ ಬಂದೆ. ಬೆಂಚಿನ ಕಡೆಯಿಂದ ಪ್ಲಾಸ್ಟಿಕ್ಕಿನ ಸದ್ದಾಯಿತು. ಚಾಚಾ ಎದ್ದು ಬಂದು, ಕವರಿನಿಂದ ಎರಡು ಪುಟ ತೆಗೆದು, ಫೈಲಿನ ಪಕ್ಕ ಇಟ್ಟು, ಮತ್ತೆ ಹೋಗಿ ಕುಳಿತರು. ಅಧಿಕಾರಿ ಎರಡೂ ಮೊದಲ ಪುಟಗಳನ್ನು ಅಕ್ಕಪಕ್ಕ ಇಟ್ಟು, ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದರು.

"ಅವರು ಕೊಟ್ಟದ್ದ ನನ್ನದು ಸರ್" ಎಂದೆ.

ಚಾಚಾನ ನೌಕರಿ ಉಳಿಯಿತು. ಮೂವರು ಆಪರೇಟರುಗಳಿಗೆ ತಾಕೀತಾಯಿತು. ಸಾಹೇಬರ ಮೇಲೆ ಬೇರೆ ವಿಚಾರಣೆ ಶುರುವಾಗಿದೆ ಎಂದು ಕೇಳಿದ್ದೇನೆ. ನನ್ನನ್ನು ಪರೀಕ್ಷಾ ಕೆಲಸದಿಂದ ತೆಗೆದು ಕಚೇರಿಯಲ್ಲಿ ಕೂರಿಸಿದರು, ಈಗಲೂ ಅಲ್ಲೇ ಇದ್ದೇನೆ.

ಆ ದಿನ ವಿಚಾರಣೆ ಮುಗಿದ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದೆವು. ನಾನೇ ಚಹಾ ಕುಡಿಯೋಣವೇ ಎಂದೆ, ಅವರು ಬೇಡವೆಂದರು. ಶಹಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಕ್ಕಪಕ್ಕ ನಿಂತೆವು.

"ನನ್ನ ಬಲ್ಲಿ ಆ ಸಹಿ ಇರದಿದ್ರ, ಏನ್ ಹೇಳ್ತಿದ್ರಿ ಮೇಡಂ?"

ಸಿಟ್ಟಿನಿಂದ ಕೇಳಿದ್ದಲ್ಲ. ಸ್ವಿಚ್ಚು ತಿರುಗಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುವವರ ಹಾಗೆ ನನ್ನ ಮುಖ ನೋಡುತ್ತಿದ್ದರು. ಇದನ್ನೇ ಹೇಳುತ್ತಿದ್ದೆ ಚಾಚಾ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು, ಅವರು ಹತ್ತಿ ಹೋದರು. ಉತ್ತರ ನನ್ನ ಹತ್ತಿರ ಇದ್ದಿದ್ದರೆ, ಬಸ್ಸು ಬರುವಷ್ಟು ಹೊತ್ತು ಬೇಕಾಗುತ್ತಿರಲಿಲ್ಲ.